ಒರಾಯನ್ ನೆಬ್ಯುಲಾದ ಬೆಳಕಲ್ಲಿ ಧೂಳಿನ ಕೈವಾಡ ಎಷ್ಟು? ಹಂತ ಹಂತವಾಗಿ ಲೆಕ್ಕ ಹಾಕೋದು ಹೇಗೆ

ಒರಾಯನ್ ನೆಬ್ಯುಲಾ, ಅಂದ್ರೆ ಎಂ42 ಅನ್ನೋ ಗ್ಯಾಸು-ಧೂಳಿನ ಮೋಡ, ಅದರ ಫೋಟೋ ತೆಗೆದವರು ಈಗ ನಮ್ಮಲ್ಲೂ ತುಂಬಾ ಜನ ಇದ್ದಾರೆ, ಸ್ಮಾರ್ಟ್ ಟೆಲಿಸ್ಕೋಪ್ ಬಂದ್ಮೇಲಂತೂ ಟೆರೇಸ್ ಮೇಲೆ ನಿಂತೇ ಹತ್ತು ನಿಮಿಷದಲ್ಲಿ ಚೆನ್ನಾಗಿರೋ ಚಿತ್ರ ಸಿಗತ್ತೆ. ಆದ್ರೆ ಆ ಚಿತ್ರದಲ್ಲಿ ಕಾಣೋ ಬೆಳಕೆಲ್ಲ ಅದು ಕಾಣೋ ಜಾಗದಲ್ಲೇ ಹುಟ್ಟಿದ್ದು ಅಂತ ಅಂದ್ಕೊಂಡು ಮುಂದಿನ ಲೆಕ್ಕಕ್ಕೆ ಇಳಿದ್ರೆ ಉತ್ತರ ತಪ್ಪಾಗತ್ತೆ. ಒಂದು ಪಾಲು ಬೆಳಕು ಬೇರೆಲ್ಲೋ ಹುಟ್ಟಿ ಧೂಳಿಗೆ ಬಡಿದು ತಿರುಗಿ ಬಂದಿರೋದು, ಇನ್ನೊಂದು ಪಾಲು ಹುಟ್ಟಿದ ಜಾಗದಿಂದ ಹೊರಟು ಧೂಳಲ್ಲೇ ಕಳೆದು ಹೋಗಿ ನಮಗೆ ತಲುಪೇ ಇಲ್ಲ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡೋದು ಹೇಗೆ ಅಂತ ಇಲ್ಲಿ ಬರೀತಿದೀನಿ. ಎಂಎಸ್‌ಸಿ ಪ್ರಾಜೆಕ್ಟ್ ಮಾಡೋರಿಗೂ ಉಪಯೋಗ ಆಗತ್ತೆ, ಹವ್ಯಾಸಕ್ಕೆ ಫೋಟೋ ತೆಗೆಯೋರು ಗಣಿತದ ಭಾಗ ಬಿಟ್ಟು ಉಳಿದದ್ದನ್ನ ಓದಬಹುದು.

ಮೊದಲು ಧೂಳು ಅಂದ್ರೇನು ಅಂತ ಸ್ವಲ್ಪ. ನಕ್ಷತ್ರಗಳ ಮಧ್ಯದ ಧೂಳು ನಮ್ಮ ರಸ್ತೆ ಧೂಳಿಗಿಂತ ತುಂಬಾ ಸಣ್ಣದು, ಬಹುಪಾಲು ಕಣಗಳು ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗದ ಆಸುಪಾಸಿನವು, ಸಿಲಿಕೇಟ್ ಮತ್ತೆ ಕಾರ್ಬನ್ನಿಂದ ಆದವು. ತೂಕದಲ್ಲಿ ನೋಡಿದ್ರೆ ಗ್ಯಾಸಿನ ನೂರನೇ ಒಂದು ಭಾಗ ಮಾತ್ರ, ಆದ್ರೂ ಕಣದ ಗಾತ್ರ ಬೆಳಕಿನ ಅಲೆಯುದ್ದಕ್ಕೆ ಹತ್ತಿರ ಇರೋದ್ರಿಂದ ಕಣ್ಣಿಗೆ ಕಾಣೋ ಬೆಳಕಿನ ಮೇಲೆ ಅದರ ಪ್ರಭಾವ ಜೋರಾಗೇ ಇರತ್ತೆ. ಬೆಳಕು ಕಣಕ್ಕೆ ತಾಗಿದಾಗ ಎರಡರಲ್ಲಿ ಒಂದು ಆಗತ್ತೆ, ಒಂದೋ ಕಣ ಅದನ್ನ ಹೀರ್ಕೊಂಡು ಬಿಸಿಯಾಗಿ ಇನ್‌ಫ್ರಾರೆಡ್‌ನಲ್ಲಿ ಹೊರಗೆ ಬಿಡತ್ತೆ, ಇಲ್ಲಾ ದಿಕ್ಕು ಬದಲಿಸಿ ಚದುರಿಸತ್ತೆ. ಕಾಣೋ ಬೆಳಕಲ್ಲಿ ಚದುರೋ ಪಾಲು ಸುಮಾರು 60 ಪರ್ಸೆಂಟ್, ಅದಕ್ಕೇ ಚದುರುವಿಕೆಯನ್ನ ಸಣ್ಣ ವಿಷಯ ಅಂತ ಪಕ್ಕಕ್ಕೆ ಇಡೋ ಹಾಗಿಲ್ಲ. ಹಾಗೆ ಚದುರಿದ ಬೆಳಕಲ್ಲೂ ಹೆಚ್ಚಿನದು ಮುಂದಕ್ಕೇ ಹೋಗತ್ತೆ, ಹಿಂದಕ್ಕೆ ತಿರುಗೋದು ಕಡಿಮೆ. ನೀಲಿ ಜಾಸ್ತಿ ಚದುರತ್ತೆ, ಕೆಂಪು ಕಡಿಮೆ, ಆದ್ರೆ ನಮ್ಮ ಆಕಾಶ ನೀಲಿ ಆಗೋ ಅಷ್ಟು ತೀವ್ರವಾದ ವ್ಯತ್ಯಾಸ ಇರಲ್ಲ, ಯಾಕಂದ್ರೆ ಗಾಳಿಯ ಅಣುಗಳಿಗಿಂತ ಈ ಕಣಗಳು ಎಷ್ಟೋ ದೊಡ್ಡವು.

ಹೆಜ್ಜೆ 1: ಧೂಳು ಎಲ್ಲಿದೆ ಅಂತ ಮೊದಲು ಚಿತ್ರ ಬರ್ಕೊಳ್ಳಿ

ಇದನ್ನ ಯಾರೂ ಮಾಡಲ್ಲ, ಎಲ್ಲರೂ ನೇರ ಫಾರ್ಮುಲಾಗೆ ಹಾರ್ತಾರೆ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಒಂದು ಹಾಳೆ ತಗೊಂಡು ಪಕ್ಕದಿಂದ ನೋಡಿದ ಹಾಗೆ ಒರಾಯನ್ ನೆಬ್ಯುಲಾ ಬರೀರಿ. ನಾವು ಎಡಗಡೆ ತುದೀಲಿ, ಸುಮಾರು 1,300 ಜ್ಯೋತಿರ್ವರ್ಷ ದೂರ. ಮೊದಲು ಸಿಗೋದು ವೇಲ್ ಅಂತ ಕರೆಯೋ ತಣ್ಣನೆ ಗ್ಯಾಸು, ಧೂಳಿನ ತೆಳು ಪದರ. ಅದರ ಹಿಂದೆ ಟ್ರಪೀಜಿಯಂ ನಕ್ಷತ್ರಗಳು, ಅವುಗಳಲ್ಲಿ ತೀಟಾ-1 ಓರಿಯಾನಿಸ್ ಸಿ ಅನ್ನೋ ಒ ವರ್ಗದ, ಅಂದ್ರೆ ಅತಿ ಬಿಸಿಯ, ನಕ್ಷತ್ರವೇ ಇಡೀ ನೆಬ್ಯುಲಾನ ಹೆಚ್ಚುಕಮ್ಮಿ ಒಂಟಿಯಾಗಿ ಬೆಳಗಿಸ್ತಿರೋದು. ಅದರ ಹಿಂದೆ ಅಯಾನೀಕರಣ ಆದ, ಅಂದ್ರೆ ಎಲೆಕ್ಟ್ರಾನ್ ಕಳ್ಕೊಂಡ, ಗ್ಯಾಸಿನ ಹೊಳೆಯೋ ಪದರ, ನಾವು ನೆಬ್ಯುಲಾ ಅಂತ ನೋಡೋದು ಬಹುಪಾಲು ಅದನ್ನೇ. ಅದಕ್ಕೂ ಹಿಂದೆ ದಟ್ಟವಾದ ಅಣುಮೋಡ, ಒಎಂಸಿ-1, ಧೂಳಿನಿಂದ ತುಂಬಿರೋದು.

ಈಗ ನೋಡಿ, ಮುಂದಿನ ವೇಲ್‌ನಲ್ಲಿರೋ ಧೂಳು ಪರದೆ, ಬೆಳಕು ತಡೆಯತ್ತೆ. ಹಿಂದಿನ ಅಣುಮೋಡದ ಧೂಳು ಕನ್ನಡಿ, ನಮ್ಮಿಂದ ಆಚೆಗೆ ಹೋಗ್ತಿದ್ದ ಬೆಳಕನ್ನ ನಮ್ಮ ಕಡೆ ತಿರುಗಿಸತ್ತೆ. ಆಗುಂಬೆ ಘಾಟಿಯಲ್ಲಿ ಮಂಜು ಕವಿದಾಗ ಎದುರಿಂದ ಬರೋ ಬಸ್ಸಿನ ಲೈಟು ಮಂಕಾಗಿ ಕಾಣತ್ತೆ, ನಮ್ಮದೇ ಗಾಡಿಯ ಹೈ ಬೀಮ್ ಹಾಕಿದ್ರೆ ಅದೇ ಮಂಜು ಬೆಳ್ಳಗೆ ಕಣ್ಣಿಗೆ ಹೊಡೆಯತ್ತೆ, ಮಂಜು ಒಂದೇ, ಲೈಟ್ ಯಾವ ಕಡೆ ಇದೆ ಅನ್ನೋದ್ರ ಮೇಲೆ ಕೆಲಸ ಬೇರೆ. ಪರದೆಯ ಬೆಳಕು ಕೆಂಪಾಗಿ ಕಾಣತ್ತೆ, ಕನ್ನಡಿಯ ಬೆಳಕು ನೀಲಿ ಕಡೆ ವಾಲತ್ತೆ. ಎರಡೂ ಒಂದೇ ಪಿಕ್ಸೆಲ್‌ನಲ್ಲಿ ಸೇರಿದಾಗ ಒಂದನ್ನೊಂದು ಸ್ವಲ್ಪ ಮಟ್ಟಿಗೆ ಮುಚ್ಚಿಹಾಕಿ ಧೂಳೇ ಕಮ್ಮಿ ಇದೆ ಅನ್ನೋ ಭ್ರಮೆ ಕೊಡ್ತವೆ, ತೊಂದರೆ ಶುರು ಆಗೋದೇ ಇಲ್ಲಿ.

ಹೆಜ್ಜೆ 2: ಡೇಟಾ

ಫಿಲ್ಟರ್ ಹಾಕಿ ನೀವೇ ತೆಗೆಯೋದಾದ್ರೆ ಕನಿಷ್ಠ ಮೂರು ಬೇಕು: 656.3 ನ್ಯಾನೋಮೀಟರಿನ ಎಚ್-ಆಲ್ಫಾ, 486.1ರ ಎಚ್-ಬೀಟಾ (ಎರಡೂ ಹೈಡ್ರೋಜನ್ ಕೊಡೋ ಗೆರೆಗಳು, ಗೆರೆ ಅಂದ್ರೆ ಒಂದೇ ನಿರ್ದಿಷ್ಟ ಅಲೆಯುದ್ದದ ಬೆಳಕು), ಮತ್ತೆ ಯಾವ ದೊಡ್ಡ ಗೆರೆಯೂ ಇಲ್ಲದ ಜಾಗದ ಒಂದು ಕಂಟಿನ್ಯೂಮ್ (ಗೆರೆಗಳ ಮಧ್ಯೆ ಹರಡಿರೋ ಬೆಳಕು) ಫಿಲ್ಟರ್, 547ರ ಸುತ್ತಮುತ್ತಲಿದ್ದು ಒಳ್ಳೇದು. ಎಚ್-ಆಲ್ಫಾ ಫಿಲ್ಟರ್ 7 ನ್ಯಾನೋಮೀಟರ್ ಅಗಲದ್ದಾದ್ರೆ ಪಕ್ಕದ ನೈಟ್ರೋಜನ್ ಗೆರೆಗಳು, 654.8 ಮತ್ತು 658.4, ಎರಡೂ ಒಳಗೆ ಬಂದ್ಬಿಡ್ತವೆ, ಆಗ ಧೂಳು ಅಳೆಯೋಕೆ ನಾವು ಬಳಸೋ ಎಚ್-ಆಲ್ಫಾ ಭಾಗಿಸು ಎಚ್-ಬೀಟಾ ಅನುಪಾತ ಸುಮ್ನೆ ಜಾಸ್ತಿ ಬಂದು ಧೂಳು ಇಲ್ಲದ ಕಡೆ ಧೂಳು ಇದೆ ಅನ್ಸತ್ತೆ. 3 ನ್ಯಾನೋಮೀಟರಿಂದು ಇದ್ರೆ ವಾಸಿ. ಸ್ಮಾರ್ಟ್ ಟೆಲಿಸ್ಕೋಪಿನ ಡ್ಯುಯಲ್-ಬ್ಯಾಂಡ್ ಫಿಲ್ಟರಲ್ಲಿ ಎಚ್-ಬೀಟಾ ಬೇರೆಯಾಗಿ ಸಿಗಲ್ಲ, ಅದನ್ನ ಇಟ್ಕೊಂಡು ಈ ಅನುಪಾತ ಲೆಕ್ಕ ಹಾಕೋಕೆ ಹೋಗ್ಬೇಡಿ, ಆದ್ರೆ ಕೆಳಗೆ ಹೇಳೋ ಎಂ43 ಪರೀಕ್ಷೆಗೆ ಅದು ಸಾಕು.

ಇನ್ನೂ ಒಳ್ಳೆ ದಾರಿ ಅಂದ್ರೆ ರೆಡಿ ಇರೋ ಡೇಟಾ. ಚಿಲಿಯ ಪರಾನಲ್‌ನಲ್ಲಿರೋ ವೆರಿ ಲಾರ್ಜ್ ಟೆಲಿಸ್ಕೋಪ್‌ನ ಮ್ಯೂಸ್ ಉಪಕರಣ 2014ರಲ್ಲಿ ಶುರುವಾದಾಗ ಪರೀಕ್ಷೆಗೆ ಅಂತ ಒರಾಯನ್ನಿನ ನಡುಭಾಗವನ್ನೇ ತೆಗೆದ್ರು, ಆ ಡೇಟಾಕ್ಯೂಬ್ ಎಲ್ಲರಿಗೂ ಫ್ರೀ. ಪ್ರತಿ ಪಿಕ್ಸೆಲ್‌ಗೂ ಸುಮಾರು 465ರಿಂದ 930 ನ್ಯಾನೋಮೀಟರ್ ತನಕ ಪೂರ್ತಿ ಸ್ಪೆಕ್ಟ್ರಮ್ ಇರತ್ತೆ, ಎಚ್-ಬೀಟಾ ಎಚ್-ಆಲ್ಫಾ ಎರಡೂ ಒಂದೇ ಕಡೆ, ನೈಟ್ರೋಜನ್ ತಲೆನೋವೂ ಇಲ್ಲ. ತೆರೆಯೋಕೆ ಡಿಎಸ್9, ಲೆಕ್ಕಕ್ಕೆ ಪೈಥಾನ್‌ನ ಆಸ್ಟ್ರೋಪೈ, ಗೆರೆಗಳ ಥಿಯರಿ ಬೆಲೆಗಳಿಗೆ ಪೈನೆಬ್, ಎಲ್ಲ ಉಚಿತವೇ. ಫೈಲ್ ಭಾರಿ ದೊಡ್ಡದು, ಲ್ಯಾಪ್‌ಟಾಪ್ ಸಾಧಾರಣದ್ದಾದ್ರೆ ಬೇಕಾದ ಗೆರೆಗಳ ಸುತ್ತ ಮಾತ್ರ ಕತ್ತರಿಸಿ ಇಟ್ಕೊಳ್ಳಿ.

ಹೆಜ್ಜೆ 3: ಆಕಾಶದ ಬೆಳಕು ಕಳೆಯೋದು

ನೀವೇ ತೆಗೆದ ಚಿತ್ರ ಆದ್ರೆ ಡಾರ್ಕ್, ಫ್ಲ್ಯಾಟ್ (ಕ್ಯಾಮೆರಾದ ದೋಷ ತೆಗೆಯೋ ಫ್ರೇಮ್‌ಗಳು) ಎಲ್ಲ ಗೊತ್ತಿರೋದೇ. ಹುಷಾರಾಗಿರಬೇಕಾದ್ದು ಬ್ಯಾಕ್‌ಗ್ರೌಂಡ್ ವಿಷಯದಲ್ಲಿ. ಸಾಫ್ಟ್‌ವೇರ್‌ನ ಆಟೋಮ್ಯಾಟಿಕ್ ಗ್ರೇಡಿಯಂಟ್ ರಿಮೂವಲ್ ಇದ್ಯಲ್ಲ, ಚಿತ್ರ ಸುಂದರ ಮಾಡೋಕೆ ಅದು ಸರಿ, ಅಳತೆಗೆ ಮಾತ್ರ ಅದನ್ನ ಮುಟ್ಟಲೇಬೇಡಿ, ಯಾಕಂದ್ರೆ ನಾವು ಹುಡುಕ್ತಿರೋ ಚದುರಿದ ಬೆಳಕು ಇರೋದೇ ಹಾಗೆ, ಮಂಕಾಗಿ, ನಿಧಾನಕ್ಕೆ ಬದಲಾಗ್ತಾ, ಚಿತ್ರದ ತುಂಬ ಹರಡ್ಕೊಂಡು, ಸಾಫ್ಟ್‌ವೇರ್ ಅದನ್ನ ಊರಿನ ಲೈಟು ಅಂದ್ಕೊಂಡು ಒರೆಸಿ ಹಾಕತ್ತೆ. ಬದಲಿಗೆ ನೆಬ್ಯುಲಾದಿಂದ ಕೆಲವು ಡಿಗ್ರಿ ದೂರದಲ್ಲಿ, ಅದೇ ಎತ್ತರದಲ್ಲಿ, ಅದೇ ಎಕ್ಸ್‌ಪೋಷರ್‌ನಲ್ಲಿ ಖಾಲಿ ಆಕಾಶದ ಫ್ರೇಮ್ ತಗೊಂಡು ಅದನ್ನ ಕಳೀರಿ.

ಎಂ42 ಬೆಂಗಳೂರಿಂದ ನೋಡಿದ್ರೆ ದಕ್ಷಿಣದಲ್ಲಿ 71 ಡಿಗ್ರಿ ಎತ್ತರದ ತನಕ ಏರತ್ತೆ, ಇದು ನಮ್ಮ ಅದೃಷ್ಟ, ಯೂರೋಪಿನವರಿಗೆ ಇದು ಸಿಗಲ್ಲ. ಅದು ಮೇಲಿರೋ ಎರಡು ಮೂರು ಗಂಟೆಯಲ್ಲೇ ತೆಗೀರಿ, ಕೆಳಗಿಳಿದ ಹಾಗೆಲ್ಲ ನಮ್ಮ ವಾತಾವರಣವೇ ನೀಲಿ ಬೆಳಕನ್ನ ಚದುರಿಸಿ ಎಚ್-ಬೀಟಾ ಕಮ್ಮಿ ಮಾಡತ್ತೆ, ಆಮೇಲೆ ಯಾವ ಧೂಳು ನೆಬ್ಯುಲಾದ್ದು ಯಾವುದು ಹೆಬ್ಬಾಳದ್ದು ಅಂತ ಬಿಡಿಸೋಕೆ ಆಗಲ್ಲ. ಎರಡೂ ಫಿಲ್ಟರ್‌ನಲ್ಲಿ ಬೆಲೆ ಗೊತ್ತಿರೋ ಒಂದು ಸ್ಟ್ಯಾಂಡರ್ಡ್ ನಕ್ಷತ್ರವನ್ನೂ ತೆಗೀಬೇಕು, ಇಲ್ಲಾಂದ್ರೆ ಅನುಪಾತಕ್ಕೆ ಅರ್ಥ ಇಲ್ಲ.

ಹೆಜ್ಜೆ 4: ಕನ್ನಡಿಯಲ್ಲಿ ಕಾಣೋ ನಕ್ಷತ್ರದ ಬೆಳಕು ಹುಡುಕಿ

ಕನ್ನಡಿ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಅತಿ ಸುಲಭ ದಾರಿ ಕಂಟಿನ್ಯೂಮ್. ಬಿಸಿ ಗ್ಯಾಸು ಬಹುಪಾಲು ಬೆಳಕನ್ನ ಗೆರೆಗಳಲ್ಲೇ ಕೊಡತ್ತೆ, ಗೆರೆಗಳ ಮಧ್ಯೆ ಅದರದ್ದೇ ಆದ ಕಂಟಿನ್ಯೂಮ್ ತುಂಬಾ ಕಮ್ಮಿ. ನಕ್ಷತ್ರದ ಬೆಳಕು ಹಾಗಲ್ಲ, ಅದು ಎಲ್ಲ ಬಣ್ಣದಲ್ಲೂ ಇರತ್ತೆ. ಹಾಗಾಗಿ ನಕ್ಷತ್ರವೇ ಇಲ್ಲದ ಜಾಗದಲ್ಲಿ ಕಂಟಿನ್ಯೂಮ್ ಜೋರಾಗಿದ್ರೆ ಅದು ಧೂಳಿಂದ ಚದುರಿ ಬಂದ ನಕ್ಷತ್ರದ ಬೆಳಕು. 1912ರಲ್ಲಿ ವೆಸ್ಟೋ ಸ್ಲೈಫರ್ ಅರಿಜೋನಾದ ಲೋವೆಲ್ ವೀಕ್ಷಣಾಲಯದಲ್ಲಿ ಕೃತ್ತಿಕೆಯ ಮೆರೋಪೆ ಅನ್ನೋ ನಕ್ಷತ್ರದ ಸುತ್ತಲಿನ ನೆಬ್ಯುಲಾದ ಸ್ಪೆಕ್ಟ್ರಮ್ ತೆಗೆದಾಗ ಅದು ಪಕ್ಕದ ನಕ್ಷತ್ರದ ಸ್ಪೆಕ್ಟ್ರಮ್ ಥರಾನೇ ಇತ್ತು, ಪ್ರತಿಫಲನ ನೆಬ್ಯುಲಾ ಅನ್ನೋ ವಿಚಾರ ಹುಟ್ಟಿದ್ದು ಹಾಗೆ. ಕೃತ್ತಿಕೆಯಲ್ಲಿ ಬರೀ ಪ್ರತಿಫಲನ, ಒರಾಯನ್ನಲ್ಲಿ ಹೊಳೆಯೋ ಗ್ಯಾಸೂ ಇದೆ ಪ್ರತಿಫಲನವೂ ಇದೆ, ಒಂದರ ಮೇಲೊಂದು.

ಮಾಡೋದು ಹೀಗೆ. ಎಚ್-ಬೀಟಾ ಗೆರೆಯ ಒಟ್ಟು ಬೆಳಕನ್ನ ಅದರ ಅಕ್ಕಪಕ್ಕದ ಕಂಟಿನ್ಯೂಮ್‌ನ ಮಟ್ಟದಿಂದ ಭಾಗಿಸಿ. ಬರೋ ಸಂಖ್ಯೆಗೆ ಈಕ್ವಿವಲೆಂಟ್ ವಿಡ್ತ್ ಅಂತಾರೆ. ಬರೀ ಗ್ಯಾಸಿನದ್ದೇ ಬೆಳಕಾಗಿದ್ರೆ ಅದು 1,000 ಆಂಗ್‌ಸ್ಟ್ರಮ್‌ಗಿಂತ (10 ಆಂಗ್‌ಸ್ಟ್ರಮ್ ಅಂದ್ರೆ 1 ನ್ಯಾನೋಮೀಟರ್) ಹೆಚ್ಚಿರಬೇಕು. ಒರಾಯನ್ನಲ್ಲಿ ಸಿಗೋದು ನೂರಾರರ ಲೆಕ್ಕದಲ್ಲಿ, ಹೊರಗಡೆ ಹೋದಷ್ಟೂ ಇನ್ನೂ ಇಳಿಯತ್ತೆ. ಅಂದ್ರೆ ಕಂಟಿನ್ಯೂಮ್‌ನ ದೊಡ್ಡ ಪಾಲು ಟ್ರಪೀಜಿಯಂ ನಕ್ಷತ್ರಗಳದ್ದು. ಈ ಮ್ಯಾಪನ್ನ ಬಣ್ಣ ಹಾಕಿ ಒಂದು ಸಲ ನೋಡಿ, ಧೂಳು ಎಲ್ಲೆಲ್ಲಿ ಕನ್ನಡಿ ಆಗಿದೆ ಅಂತ ಕಣ್ಣಿಗೆ ಕಾಣತ್ತೆ, ನನಗಂತೂ ಬಣ್ಣದ ಫೋಟೋಗಿಂತ ಇದೇ ಜಾಸ್ತಿ ಇಷ್ಟ. ಡೇಟಾ ಆಳವಾಗಿದ್ರೆ ಅದೇ ಕಂಟಿನ್ಯೂಮ್‌ನಲ್ಲಿ ಅಯಾನೀಕರಣ ಆದ ಹೀಲಿಯಂನ ಹೀರಿಕೆ ಗೆರೆ ಕೂಡ ಹುಡುಕಬಹುದು, ಅದು ಒ ವರ್ಗದ ನಕ್ಷತ್ರದ ಸಹಿ, ನೆಬ್ಯುಲಾದ ಗ್ಯಾಸಲ್ಲಿ ಹಾಗೆ ಹೀರಿಕೆಯಾಗಿ ಹುಟ್ಟೋಕೆ ದಾರಿಯೇ ಇಲ್ಲ, ಹಾಗಾಗಿ ಸಿಕ್ಕಿದ್ರೆ ಅನುಮಾನ ಪೂರ್ತಿ ಮುಗೀತು.

ಈ ಕಂಟಿನ್ಯೂಮನ್ನ ಎರಡೂ ಗೆರೆಗಳಿಂದ ಕಳೆದ ಮೇಲೇ ಮುಂದೆ ಹೋಗಿ.

ಹೆಜ್ಜೆ 5: ಪರದೆ ಎಷ್ಟು ದಪ್ಪ

ಹೈಡ್ರೋಜನ್ ಗೆರೆಗಳ ಅನುಪಾತ ಪರಮಾಣು ಭೌತಶಾಸ್ತ್ರದಿಂದಲೇ ಗಟ್ಟಿಯಾಗಿ ಗೊತ್ತಿರೋದು. 10,000 ಕೆಲ್ವಿನ್ ಗ್ಯಾಸಿಗೆ ಎಚ್-ಆಲ್ಫಾ ಭಾಗಿಸು ಎಚ್-ಬೀಟಾ 2.86. ತಾಪಮಾನ 5,000ಕ್ಕೆ ಇಳಿದ್ರೆ 3.04 ಆಗತ್ತೆ, 20,000ಕ್ಕೆ ಏರಿದ್ರೆ 2.75, ಅಷ್ಟೇ ಬದಲಾವಣೆ. ಪರದೆ ನೀಲಿಯನ್ನ ಜಾಸ್ತಿ ತಡೆಯೋದ್ರಿಂದ ಎಚ್-ಬೀಟಾ ಹೆಚ್ಚು ಕಳ್ಕೊಂಡು ಅನುಪಾತ 2.86ಕ್ಕಿಂತ ಮೇಲೆ ಹೋಗತ್ತೆ, ಎಷ್ಟು ಮೇಲೆ ಹೋಯ್ತು ಅನ್ನೋದೇ ಧೂಳಿನ ಅಳತೆ.

ಒಂದು ಉದಾಹರಣೆ ಮಾಡೋಣ. ನಿಮ್ಮ ಪಿಕ್ಸೆಲ್‌ನಲ್ಲಿ ಅನುಪಾತ 4.0 ಬಂತು ಅಂತ ಇಟ್ಕೊಳ್ಳಿ. 4.0ನ್ನ 2.86ರಿಂದ ಭಾಗಿಸಿ, ಹತ್ತರ ಲಾಗ್ ತಗೊಂಡು, 2.5ರಿಂದ ಗುಣಿಸಿದ್ರೆ 0.364 ಮ್ಯಾಗ್ನಿಟ್ಯೂಡ್ (ಹೊಳಪಿನ ವ್ಯತ್ಯಾಸ ಅಳೆಯೋ ಮಾನ). ಇದು ಎಚ್-ಬೀಟಾ ಎಚ್-ಆಲ್ಫಾಗಿಂತ ಎಷ್ಟು ಜಾಸ್ತಿ ಮಂಕಾಗಿದೆ ಅನ್ನೋದು. ಈಗ ಇದನ್ನ ಒಟ್ಟು ಮಂಕಿಗೆ ಬದಲಾಯಿಸ್ಬೇಕು, ಅದಕ್ಕೆ ಧೂಳಿನ ಸ್ವಭಾವ ಗೊತ್ತಿರ್ಬೇಕು. ಅದನ್ನ ಆರ್‌ವಿ ಅನ್ನೋ ಒಂದು ಸಂಖ್ಯೆಯಲ್ಲಿ ಹೇಳ್ತಾರೆ. ನಮ್ಮ ಗ್ಯಾಲಕ್ಸಿಯ ಸರಾಸರಿ ಧೂಳಿಗೆ 3.1, ಪುಸ್ತಕ, ಕೋಡ್ ಎಲ್ಲದರಲ್ಲೂ ಡೀಫಾಲ್ಟ್ ಇದೇ. ಆದ್ರೆ ಟ್ರಪೀಜಿಯಂ ಕಡೆಗೆ ಅಳೆದವರಿಗೆ ಸಿಕ್ಕಿದ್ದು 5.5ರ ಹತ್ತಿರ, ಯಾಕಂದ್ರೆ ಅಲ್ಲಿ ಸಣ್ಣ ಕಣಗಳು ಕಮ್ಮಿ, ದೊಡ್ಡ ಕಣಗಳ ಪಾಲು ಜಾಸ್ತಿ, ದೊಡ್ಡ ಕಣ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಸಮಾನವಾಗಿ ತಡೆಯತ್ತೆ, ಬೆಳಕನ್ನ ಅಷ್ಟು ಕೆಂಪು ಮಾಡದೇನೇ ಮಂಕು ಮಾಡತ್ತೆ.

ಎರಡನ್ನೂ ಹಾಕಿ ನೋಡಿ. 3.1 ಇಟ್ರೆ, ಕಾರ್ಡೆಲ್ಲಿ ಮತ್ತವರ ಸಂಗಡಿಗರು 1989ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಎವಿ, ಅಂದ್ರೆ ಹಸಿರು ಬೆಳಕಿನ ಆಸುಪಾಸಿನ ಮಂಕು, 1.05 ಮ್ಯಾಗ್ನಿಟ್ಯೂಡ್ ಬರತ್ತೆ, ಎಚ್-ಆಲ್ಫಾವನ್ನ 2.2ರಿಂದ ಗುಣಿಸಿದ್ರೆ ನಿಜವಾದ ಬೆಳಕು. 5.5 ಇಟ್ರೆ ಎವಿ 1.5 ಆಗತ್ತೆ, ಎಚ್-ಆಲ್ಫಾವನ್ನ 3.3ರಿಂದ ಗುಣಿಸ್ಬೇಕು. ಅಳತೆ ಅದೇ, ಅನುಪಾತ ಅದೇ 4.0, ಆದ್ರೂ ಉತ್ತರ ಒಂದೂವರೆ ಪಟ್ಟು ಬೇರೆ! ನೆಬ್ಯುಲಾದ ಒಟ್ಟು ಬೆಳಕಿಂದ ನಕ್ಷತ್ರದ ಶಕ್ತಿ ಲೆಕ್ಕ ಹಾಕೋಕೆ ಹೋದವರಿಗೆ ಈ ವ್ಯತ್ಯಾಸ ನೇರ ಹೋಗಿ ತಾಗತ್ತೆ. ಹಾಗಾಗಿ ಡೀಫಾಲ್ಟ್ ಬೆಲೆಯನ್ನ ಹಾಗೇ ಬಿಡ್ಬೇಡಿ, ಒರಾಯನ್ ಅಂದ್ರೆ 5.5, ಬೇರೆ ನೆಬ್ಯುಲಾ ಆದ್ರೆ ಅಲ್ಲಿಯ ನಕ್ಷತ್ರಗಳಿಗೆ ಅಳೆದಿರೋ ಬೆಲೆ ಹುಡುಕಿ ಹಾಕಿ.

ಇಲ್ಲೊಂದು ಸೂಕ್ಷ್ಮ ಇದೆ. ನಕ್ಷತ್ರ ಒಂದು ಚುಕ್ಕಿ, ಅದರ ಬೆಳಕು ದಾರೀಲಿ ಚೂರು ದಿಕ್ಕು ಬದಲಿಸಿದ್ರೂ ನಮಗೆ ಹೋಯ್ತು ಅಂತಲೇ ಲೆಕ್ಕ. ನೆಬ್ಯುಲಾ ಹಾಗಲ್ಲ, ಅಗಲವಾಗಿದೆ, ಧೂಳು ಅದರ ಹತ್ತಿರದಲ್ಲೇ ಇದ್ರೆ ಒಂದು ಪಿಕ್ಸೆಲ್‌ನಿಂದ ಚದುರಿ ಹೋದ ಬೆಳಕಿನ ಬದಲಿಗೆ ಪಕ್ಕದಿಂದ ಚದುರಿದ್ದು ಒಳಗೆ ಬಂದು ಸೇರತ್ತೆ, ಧೂಳು ಮುಂದಕ್ಕೇ ಜಾಸ್ತಿ ಚದುರಿಸೋದ್ರಿಂದ ಇದು ಸಣ್ಣ ಪಾಲಲ್ಲ. ಹಾಗಾಗಿ ಅದೇ ಧೂಳಿನ ಹಿಂದೆ ಇದ್ರೂ ನಕ್ಷತ್ರ ಹೆಚ್ಚು ಮಂಕಾಗಿ, ನೆಬ್ಯುಲಾ ಕಮ್ಮಿ ಮಂಕಾಗಿ ಕಾಣಬಹುದು. ಎರಡರ ಎವಿ ಹೊಂದಲಿಲ್ಲ ಅಂದ ತಕ್ಷಣ ಡೇಟಾ ಹಾಳು ಅಂತ ತೀರ್ಮಾನಿಸ್ಬೇಡಿ.

ಹೆಜ್ಜೆ 6: 2.86ಕ್ಕಿಂತ ಕೆಳಗೆ ಹೋಗಿರೋ ಪಿಕ್ಸೆಲ್‌ಗಳನ್ನ ಎಸೀಬೇಡಿ

ಮ್ಯಾಪ್ ಮಾಡಿದ್ಮೇಲೆ, ಅದರಲ್ಲೂ ನಡುಭಾಗದಿಂದ ದೂರ ಮಂಕಾದ ಕಡೆ, ಅನುಪಾತ 2.7, 2.6 ಹೀಗೆ ಬರೋ ಜಾಗ ಸಿಗಬಹುದು. ಸೂತ್ರಕ್ಕೆ ಹಾಕಿದ್ರೆ ಧೂಳು ಮೈನಸ್ ಬರತ್ತೆ, ತುಂಬಾ ಜನ ಅದನ್ನ ನಾಯ್ಸ್ ಅಂತ ಸೊನ್ನೆ ಮಾಡ್ಬಿಡ್ತಾರೆ. ಮೊದಲು ಕ್ಯಾಲಿಬ್ರೇಷನ್ ಮತ್ತೆ ಬ್ಯಾಕ್‌ಗ್ರೌಂಡ್ ಇನ್ನೊಂದು ಸಲ ನೋಡಿ, ಅದು ಸರಿ ಇದ್ದೂ 2.75ಕ್ಕಿಂತ ಕೆಳಗೇ ನಿಂತಿದ್ರೆ ತಾಪಮಾನದಿಂದ ಅದನ್ನ ವಿವರಿಸೋಕಾಗಲ್ಲ, ಉಳಿಯೋದು ಕನ್ನಡಿ. ಟ್ರಪೀಜಿಯಂ ಸುತ್ತಲಿನ ಪ್ರಖರವಾದ ಹೈಗೆನ್ಸ್ ಪ್ರದೇಶ ಇದ್ಯಲ್ಲ, ಅಲ್ಲಿ ಹುಟ್ಟಿದ ಎಚ್-ಆಲ್ಫಾ ಎಚ್-ಬೀಟಾ ಎರಡೂ ಹೊರಗಿನ ಧೂಳಿಗೆ ಬಡಿದು ನಮ್ಮ ಕಡೆ ಬರತ್ತೆ, ಎಚ್-ಬೀಟಾ ನೀಲಿಯಾಗಿರೋದ್ರಿಂದ ಚೂರು ಜಾಸ್ತಿ ಬರತ್ತೆ, ಅನುಪಾತ ಇಳಿಯತ್ತೆ. ಅಂದ್ರೆ ನೀವು ಹೊರಭಾಗದ ಗ್ಯಾಸು ಅಂತ ನೋಡ್ತಿರೋದು ನಡುಭಾಗದ ಬೆಳಕಿನ ಪ್ರತಿಬಿಂಬ. ಅದರಿಂದ ಆ ಜಾಗದ ಸಾಂದ್ರತೆ, ತಾಪಮಾನ, ಆಕ್ಸಿಜನ್ ಪ್ರಮಾಣ ಅಂತ ಲೆಕ್ಕ ಹಾಕಿದ್ರೆ ನಡುಭಾಗದ ಬೆಲೆಯೇ ಕಲಬೆರಕೆಯಾಗಿ ಬರತ್ತೆ.

ಇದಕ್ಕೆ ಚೆಂದದ ಉದಾಹರಣೆ ಎಂ43, ಎಂ42ದ ಪಕ್ಕದಲ್ಲೇ ಉತ್ತರಕ್ಕೆ ಇರೋ ಚಿಕ್ಕ ದುಂಡನೆ ನೆಬ್ಯುಲಾ. ಅದನ್ನ ಬೆಳಗಿಸ್ತಿರೋದು ಬಿ ವರ್ಗದ ಒಂದು ನಕ್ಷತ್ರ, ಎನ್‌ಯು ಓರಿಯಾನಿಸ್. ಆಕ್ಸಿಜನ್‌ನಿಂದ ಎರಡು ಎಲೆಕ್ಟ್ರಾನ್ ಕಿತ್ತು 500.7ರ ಹಸಿರು ಗೆರೆ ಜೋರಾಗಿ ಬರಿಸೋ ಅಷ್ಟು ಬಿಸಿ ಅದಕ್ಕಿಲ್ಲ. ಆದ್ರೂ ಎಂ43 ಮೇಲೆ ಆಕ್ಸಿಜನ್ ಫಿಲ್ಟರ್ ಹಾಕಿದ್ರೆ ಮಂಕಾದ ಹೊಳಪು ಸಿಗತ್ತೆ, ಅದು ಎಂ42ದ ಬೆಳಕು ಬಂದು ಸೇರಿರೋದು. ಡ್ಯುಯಲ್-ಬ್ಯಾಂಡ್ ಫಿಲ್ಟರ್ ಇರೋರು ಹೀಗೆ ಮಾಡಿ: ಕೆಂಪು ಚಾನಲ್‌ನಲ್ಲಿ ಎಂ43 ಅಂಚು ಎಷ್ಟು ಸ್ಪಷ್ಟವಾಗಿ ದುಂಡಗೆ ಕಾಣತ್ತೆ, ಹಸಿರು-ನೀಲಿ ಚಾನಲ್‌ನಲ್ಲಿ ಅದೇ ಆಕಾರ ಕಾಣತ್ತಾ, ಇಲ್ಲಾ ಎಂ42 ಕಡೆಯಿಂದ ಹಬ್ಬಿದ ಹಾಗೆ ಒಂದೇ ಸಮ ಇಳೀತಾ ಹೋಗತ್ತಾ, ಪಕ್ಕ ಪಕ್ಕ ಇಟ್ಟು ನೋಡಿ. ಸಂಶೋಧಕರು ಎಂ43 ಅಧ್ಯಯನ ಮಾಡೋವಾಗ ಅದರ ಪಕ್ಕದ ಜಾಗದ ಬೆಳಕನ್ನ ಅಳೆದು ಕಳೆದೇ ಮುಂದೆ ಹೋಗೋದು, ನೀವೂ ಅದನ್ನೇ ಮಾಡ್ಬೇಕು.

ಹೆಜ್ಜೆ 7: ಬೇರೆ ದಾರಿಯಿಂದ ತಾಳೆ ನೋಡೋದು

ರೇಡಿಯೋ ಇದ್ರೆ ಅದೇ ಮೊದಲು. ಅಯಾನೀಕೃತ ಗ್ಯಾಸು ಸೆಂಟಿಮೀಟರ್ ಅಲೆಗಳಲ್ಲೂ ಹೊಳೆಯತ್ತೆ, ಆ ಅಲೆಗೆ ಧೂಳಿನ ಲೆಕ್ಕವೇ ಇಲ್ಲ, ತಡೆಯೂ ಇಲ್ಲ ಪ್ರತಿಫಲನವೂ ಇಲ್ಲ. ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇಯಿಂದ ಮಾಡಿದ ಒರಾಯನ್ ಮ್ಯಾಪಿಂದ ಎಚ್-ಆಲ್ಫಾ ಎಷ್ಟಿರಬೇಕಿತ್ತು ಅಂತ ಲೆಕ್ಕ ಹಾಕಿ ನಿಮ್ಮ ಅಳತೆ ಜೊತೆ ಹೋಲಿಸಿ. ಕನ್ನಡಿ ಜೋರಾಗಿರೋ ಕಡೆ ಕಾಣೋ ಬೆಳಕಿಗೆ ಹೆಚ್ಚುವರಿ ಸೇರಿರತ್ತೆ, ರೇಡಿಯೋಗೆ ಸೇರಿರಲ್ಲ, ಹಾಗಾಗಿ ಅಲ್ಲಿ ಧೂಳು ನಿಜಕ್ಕಿಂತ ಕಮ್ಮಿ ಇದ್ದ ಹಾಗೆ ಬರತ್ತೆ.

ಎರಡನೇದು ವೇಗ, ನನಗೆ ಇಡೀ ವಿಷಯದಲ್ಲಿ ಅತಿ ಸೊಗಸು ಅನ್ಸೋದು ಇದು. ಅಯಾನೀಕೃತ ಗ್ಯಾಸು ಹಿಂದಿನ ಮೋಡದಿಂದ ಕಳಚ್ಕೊಂಡು ನಮ್ಮ ಕಡೆಗೆ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಹರೀತಿದೆ. ಅಂದ್ರೆ ಮೋಡದ ಧೂಳಿನ ಕಣ್ಣಿಂದ ನೋಡಿದ್ರೆ ಗ್ಯಾಸು ದೂರ ಹೋಗ್ತಿದೆ, ಧೂಳಿಗೆ ತಲುಪೋ ಬೆಳಕು ಕೆಂಪಿನ ಕಡೆ ಸರಿದಿರತ್ತೆ, ಅದನ್ನೇ ಧೂಳು ನಮಗೆ ತಿರುಗಿಸಿ ಕೊಡತ್ತೆ. ಹಾಗಾಗಿ ಪ್ರತಿ ಗೆರೆಯ ಪಕ್ಕದಲ್ಲೂ ಕೆಂಪಿನ ಕಡೆಗೆ ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ಸರಿದ ಒಂದು ಮಂಕಾದ ಜೋಡಿಗೆರೆ ಕಾಣತ್ತೆ, ಒರಾಯನ್ನಲ್ಲಿ ಇದನ್ನ ಚೆನ್ನಾಗಿ ಅಳೆದಿದ್ದಾರೆ. ನೇರ ಬಂದದ್ದು ಎಷ್ಟು, ಕನ್ನಡಿಯಿಂದ ಬಂದದ್ದು ಎಷ್ಟು, ಎರಡೂ ಬೇರೆ ಬೇರೆಯಾಗಿ ಸಿಗೋದು ಇಲ್ಲೊಂದೇ ಕಡೆ. ಆದ್ರೆ ಇದಕ್ಕೆ 15,000ಕ್ಕಿಂತ ಹೆಚ್ಚಿನ ರೆಸಲ್ಯೂಷನ್‌ನ ಎಶೆಲ್ ಸ್ಪೆಕ್ಟ್ರೋಗ್ರಾಫ್ (ಅಲೆಯುದ್ದಗಳನ್ನ ತುಂಬಾ ಸೂಕ್ಷ್ಮವಾಗಿ ಬಿಡಿಸೋ ಉಪಕರಣ) ಬೇಕು, ಮ್ಯೂಸ್‌ನ ಸುಮಾರು 3,000ದಲ್ಲಿ ಎರಡೂ ಸೇರ್ಕೊಂಡು ಒಂದೇ ಗೆರೆ ಆಗಿರತ್ತೆ.

ಮೂರನೇದು ಪೋಲರೈಸೇಶನ್. ಚದುರಿದ ಬೆಳಕು ಒಂದು ದಿಕ್ಕಲ್ಲಿ ಹೆಚ್ಚು ಕಂಪಿಸತ್ತೆ, ಗ್ಯಾಸಲ್ಲೇ ಹುಟ್ಟಿದ ಗೆರೆಯ ಬೆಳಕಿಗೆ ಆ ಗುಣ ಇಲ್ಲ. ಕ್ಯಾಮೆರಾ ಮುಂದೆ ಪೋಲರೈಸರ್ ಇಟ್ಟು 0, 45, 90, 135 ಡಿಗ್ರಿಗೆ ತಿರುಗಿಸಿ ನಾಲ್ಕು ಸೆಟ್ ತೆಗೆದು, 0 ಮತ್ತು 90ರ ವ್ಯತ್ಯಾಸ, 45 ಮತ್ತು 135ರ ವ್ಯತ್ಯಾಸ ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತಗೊಂಡು ಒಟ್ಟು ಬೆಳಕಿಂದ, ಅಂದ್ರೆ 0 ಮತ್ತು 90ರ ಮೊತ್ತದಿಂದ, ಭಾಗಿಸಿ. ಎಂ42ದಿಂದ ಶುರು ಮಾಡ್ಬೇಡಿ, ಅಲ್ಲಿ ಗೆರೆಗಳ ಬೆಳಕೇ ಎಲ್ಲವನ್ನೂ ನುಂಗತ್ತೆ. ಒರಾಯನ್ನಲ್ಲೇ ಇರೋ ಎಂ78, ಇಲ್ಲಾ ಮೊನೊಸೆರಸ್‌ನಲ್ಲಿರೋ ಎನ್‌ಜಿಸಿ 2261, ಆರ್ ಮೊನೊಸೆರೋಟಿಸ್ ಅನ್ನೋ ಎಳೆ ನಕ್ಷತ್ರ ಬೆಳಗಿಸ್ತಿರೋ ಪ್ರತಿಫಲನ ನೆಬ್ಯುಲಾ, ಇವುಗಳಲ್ಲಿ ಕೈ ಪಳಗಿಸ್ಕೊಳ್ಳಿ. ನಕ್ಷತ್ರದ ಸುತ್ತ ಪೋಲರೈಸೇಶನ್ ಗೆರೆಗಳು ವೃತ್ತಾಕಾರವಾಗಿ ಜೋಡಿಸಿದ ಹಾಗೆ ಬಂದ್ರೆ ಬೆಳಕು ಆ ನಕ್ಷತ್ರದ್ದೇ ಅಂತ ಗ್ಯಾರಂಟಿ.

ಕಾಲೇಜಿನವರಿಗೆ ಒಂದು ಮಾತು: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ಹೊಸಕೋಟೆಯಿಂದಲೇ ನಡೆಸತ್ತೆ, ಅದರಲ್ಲಿ ಸ್ಪೆಕ್ಟ್ರೋಗ್ರಾಫೂ ಇದೆ. ಗೈಡ್ ಜೊತೆ ಸೇರಿ ಪ್ರಸ್ತಾವ ಬರೆಯೋರು ಮೇಲಿನ ಹೆಜ್ಜೆ 1ರ ಚಿತ್ರ ಮೊದಲ ಪುಟದಲ್ಲೇ ಹಾಕಿ.

ಹೆಜ್ಜೆ 8: ಟ್ರಿಫಿಡ್ ಮೇಲೆ ಅಭ್ಯಾಸ

ಒರಾಯನ್ನಲ್ಲಿ ಪರದೆ, ಕನ್ನಡಿ, ಹೊಳೆಯೋ ಗ್ಯಾಸು ಮೂರೂ ಒಂದರ ಹಿಂದೆ ಒಂದು ಇದ್ರೆ, ಧನು ರಾಶಿಯ ಟ್ರಿಫಿಡ್ ಅಂದ್ರೆ ಎಂ20ಯಲ್ಲಿ ಅವು ಪಕ್ಕ ಪಕ್ಕದಲ್ಲೇ ಇವೆ: ಮಧ್ಯೆ ಕೆಂಪು ಗ್ಯಾಸು, ಅದನ್ನ ಸೀಳಿರೋ ಕಪ್ಪು ಧೂಳಿನ ಪಟ್ಟಿಗಳು, ಉತ್ತರಕ್ಕೆ ನೀಲಿ ಪ್ರತಿಫಲನ. ಒಂದೇ ಫೀಲ್ಡಲ್ಲಿ ಮೂರು ಕಡೆ ಚಿಕ್ಕ ಬಾಕ್ಸ್ ಹಾಕಿ ಎಚ್-ಆಲ್ಫಾ ಮತ್ತೆ ಕಂಟಿನ್ಯೂಮ್ ಅಳೆದು ಹೆಜ್ಜೆ 4ರ ಭಾಗಾಕಾರ ಮಾಡಿ, ಎಚ್-ಬೀಟಾ ಬದಲು ಎಚ್-ಆಲ್ಫಾ ಇದ್ರೂ ಈ ಹೋಲಿಕೆಗೆ ಸಾಕು. ನೀಲಿ ಭಾಗದಲ್ಲಿ ಸಂಖ್ಯೆ ಧಡಾರನೆ ಬೀಳೋದು ಕಾಣತ್ತೆ. ಎಂ20 ಬೆಂಗಳೂರಲ್ಲಿ 54 ಡಿಗ್ರಿ ತನಕ ಏರತ್ತೆ, ನಡುರಾತ್ರಿಗೆ ಆ ಎತ್ತರಕ್ಕೆ ಬರೋ ಜೂನ್ ಕೊನೆಯಲ್ಲಿ ನಮ್ಮಲ್ಲಿ ಮಳೆಮೋಡ, ಹಾಗಾಗಿ ಮಾರ್ಚ್ ಕೊನೆಯಿಂದ ಮೇ ಮೊದಲವಾರದ ಒಳಗೆ ಬೆಳಗಿನ ಜಾವದಲ್ಲಿ ತೆಗೆಯೋದು ಒಳ್ಳೇದು. ಫಲಿತಾಂಶ ಬರೆದಿಡೋವಾಗ ಎವಿ ಸಂಖ್ಯೆಯ ಪಕ್ಕದಲ್ಲಿ ಯಾವ ಆರ್‌ವಿ ಹಾಕಿದ್ರಿ, ಕಂಟಿನ್ಯೂಮ್ ಕಳೆದಿದ್ರಾ, ಆಕಾಶದ ಫ್ರೇಮ್ ಎಲ್ಲಿಂದ ತಗೊಂಡ್ರಿ, ಈ ಮೂರನ್ನೂ ಬರೀರಿ, ಇವಿಲ್ಲದ ಎವಿಯನ್ನ ಇನ್ನೊಬ್ಬರು ಬಳಸೋಕಾಗಲ್ಲ.